ಮೂರು ಸೇರು ಹಿಟ್ಟು, ಹತ್ತು ಸಾವಿರ ತಲಾಂತು: ಪರಲೋಕರಾಜ್ಯದ ಸಾಮ್ಯಗಳನ್ನು ಓದುವ ಬಗೆ

"ಪರಲೋಕರಾಜ್ಯವು ಸಾಸಿವೆ ಕಾಳಿಗೆ ಹೋಲಿಕೆಯಾಗಿದೆ." ಚರ್ಚಿಗೆ ಹೋಗುವವರಿಗೆ ಈ ಮಾತು ಎಷ್ಟು ಪಳಗಿದೆಯೆಂದರೆ ಅದರ ವಿಚಿತ್ರವೇ ಕಿವಿಗೆ ತಾಗುವುದಿಲ್ಲ. ದೇವರ ಆಳ್ವಿಕೆಯನ್ನು ವರ್ಣಿಸಹೊರಟವರು ಸಿಂಹಾಸನವನ್ನೂ ಸೈನ್ಯವನ್ನೂ ಬಿಟ್ಟು ಒಗ್ಗರಣೆ ಡಬ್ಬಿಗೆ ಕೈ ಹಾಕಿದ್ದೇಕೆ? "ಚಿಕ್ಕದು ದೊಡ್ಡದಾಗುತ್ತದೆ" ಎಂದು ಹೇಳಿ ಮುಗಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಯೇಸು ಹೇಳಿದ ಸಾಮ್ಯಗಳು, ಅಂದರೆ ಹೋಲಿಕೆಯ ಕಥೆಗಳು, ದಿನನಿತ್ಯದ ಕೆಲಸಗಳಿಂದ ಶುರುವಾಗುತ್ತವೆ. ಬಿತ್ತನೆ, ಹಿಟ್ಟು ನಾದುವುದು, ಬಲೆ ಎಳೆಯುವುದು, ಕೂಲಿ ಬಟವಾಡೆ. ಕೇಳುವವರು ತಲೆಯಾಡಿಸುತ್ತಾ ಕೂತಿರುವಾಗಲೇ ಕಥೆಯಲ್ಲಿ ಎಲ್ಲೋ ಒಂದು ಕಡೆ ಅಳತೆ ಮೀರುತ್ತದೆ, ಇಲ್ಲವೇ ಊರಲ್ಲಿ ಯಾರೂ ಮಾಡದ್ದನ್ನು ಒಬ್ಬರು ಮಾಡುತ್ತಾರೆ. ಅರ್ಥ ಇರುವುದು ಆ ಜಾಗದಲ್ಲಿ. ಆದರೆ ಅದನ್ನು ಗುರುತಿಸಬೇಕಾದರೆ ಅಂದಿನ ಹೊಲ, ಒಲೆ, ನಾಣ್ಯಗಳ ಲೆಕ್ಕ ಗೊತ್ತಿರಬೇಕು. ಎರಡು ಸಾವಿರ ವರ್ಷ ದೂರದಲ್ಲಿರುವ ನಮಗೆ ಯಾವುದು ಸಹಜ, ಯಾವುದು ಅಸಹಜ ಎಂಬುದೇ ಮರೆತುಹೋಗಿದೆ.

ಹೆಸರಿನಲ್ಲೇ ಇರುವ ತೊಡಕು

"ಪರಲೋಕರಾಜ್ಯ" ಎಂದ ಕೂಡಲೇ ಸತ್ತ ಮೇಲೆ ಹೋಗುವ ಜಾಗವೊಂದು ಕಣ್ಣಿಗೆ ಕಟ್ಟುತ್ತದೆ. ಕಥೋಲಿಕರ ಕನ್ನಡದಲ್ಲಿ ಇದು "ಸ್ವರ್ಗಸಾಮ್ರಾಜ್ಯ", ಸಾಮ್ಯಕ್ಕೆ "ಸಾಮತಿ". ಸ್ವರ್ಗ ಎಂಬ ಪದ ಬಂದರೆ ಕನ್ನಡ ಕಿವಿಗೆ ಇನ್ನೊಂದು ಗೊಂದಲವೂ ಸೇರಿಕೊಳ್ಳುತ್ತದೆ. ನಮ್ಮ ಪುರಾಣಗಳ ಸ್ವರ್ಗ ಪುಣ್ಯ ಇರುವವರೆಗೆ ಮಾತ್ರ. ಪುಣ್ಯ ತೀರಿದ ಮೇಲೆ ಮರ್ತ್ಯಲೋಕಕ್ಕೆ ಮರಳಬೇಕೆಂದು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯವೂ ಹೇಳುತ್ತದೆ. ಸುವಾರ್ತೆಯ (ಯೇಸುವಿನ ಬದುಕು, ಬೋಧನೆಗಳನ್ನು ಹೇಳುವ ಗ್ರಂಥಗಳ) ಪದಕ್ಕೂ ಈ ಕಲ್ಪನೆಗೂ ಸಂಬಂಧವಿಲ್ಲ.

ಗ್ರೀಕ್ ಮೂಲದ "ಬಸಿಲೇಯಾ" ಎಂಬ ಪದಕ್ಕೆ ರಾಜ್ಯದ ಗಡಿಗಿಂತ ಮೊದಲು ಬರುವ ಅರ್ಥ ಆಳ್ವಿಕೆ, ಅರಸುತನ. "ಪರಲೋಕರಾಜ್ಯ" ಎಂಬ ನುಡಿಗಟ್ಟು ಹೊಸ ಒಡಂಬಡಿಕೆಯಲ್ಲಿ ಮತ್ತಾಯನ ಸುವಾರ್ತೆಯಲ್ಲಿ ಮಾತ್ರ ಬರುತ್ತದೆ, ಸುಮಾರು 30 ಕಡೆ. ಅದೇ ಮಾತುಗಳನ್ನು ಮಾರ್ಕ ಮತ್ತು ಲೂಕ "ದೇವರ ರಾಜ್ಯ" ಎಂದು ಬರೆಯುತ್ತಾರೆ. ದೇವರ ಹೆಸರನ್ನು ನೇರವಾಗಿ ಎತ್ತದೆ "ಆಕಾಶ" ಎನ್ನುವುದು ಯೆಹೂದ್ಯರ ಭಕ್ತಿಯ ರೂಢಿ. ಹೀಬ್ರೂವಿನ "ಮಲ್ಕೂತ್ ಶಮಾಯಿಮ್" ಹಾಗೆ ಹುಟ್ಟಿದ ಮಾತು. ಅಂದರೆ ಎರಡೂ ಒಂದೇ: ದೇವರು ಆಳುವುದು. ಎಲ್ಲಿ ಆಳುವುದು? ಕರ್ತನ ಪ್ರಾರ್ಥನೆಯೇ ಹೇಳುತ್ತದೆ: ನಿನ್ನ ರಾಜ್ಯ ಬರಲಿ, ನಿನ್ನ ಚಿತ್ತ ಪರಲೋಕದಲ್ಲಿರುವಂತೆ ಭೂಲೋಕದಲ್ಲೂ ನೆರವೇರಲಿ. ನಾವು ಅಲ್ಲಿಗೆ ಏರಿ ಹೋಗುವ ಮಾತು ಇಲ್ಲಿಲ್ಲ, ಅದು ಇಲ್ಲಿಗೆ ಇಳಿದು ಬರುವ ಮಾತಿದೆ.

ವ್ಯಾಕರಣದ ಇನ್ನೊಂದು ಸೂಕ್ಷ್ಮವನ್ನೂ ಮೊದಲೇ ಹೇಳಿಬಿಡಬೇಕು. ಒಂದು ಸಾಮ್ಯದಲ್ಲಿ ರಾಜ್ಯ ನಿಧಿಗೆ ಹೋಲಿಕೆ, ಮರುವಾಕ್ಯದಲ್ಲಿ ಮುತ್ತಿನ ವ್ಯಾಪಾರಿಗೆ, ಇನ್ನೊಂದೆಡೆ ಬಲೆಗೆ, ಮತ್ತೊಂದೆಡೆ ಲೆಕ್ಕ ಕೇಳುವ ಅರಸನಿಗೆ. ಇವು ಸಮೀಕರಣಗಳಲ್ಲ. ಇದರ ಹಿಂದಿರುವ ಸೆಮಿಟಿಕ್ ಶೈಲಿಯ ಭಾವ "ಪರಲೋಕರಾಜ್ಯದ ವಿಷಯ ಹೇಗೆಂದರೆ, ಒಮ್ಮೆ ಒಬ್ಬ ವ್ಯಾಪಾರಿ..." ಎಂಬಂಥದ್ದು. ಹೋಲಿಕೆ ಇರುವುದು ಇಡೀ ಘಟನೆಗೆ, ಮೊದಲು ಹೆಸರಿಸಿದ ವ್ಯಕ್ತಿಗಲ್ಲ. ಇದನ್ನು ಮರೆತಾಗಲೇ "ಹಾಗಾದರೆ ದೇವರು ಸಾಲಗಾರನ ಹೆಂಡತಿ ಮಕ್ಕಳನ್ನು ಮಾರಿಸುವವನೇ?" ಎಂಬ ಪ್ರಶ್ನೆ ಏಳುತ್ತದೆ.

ಪ್ರತಿ ವಿವರಕ್ಕೂ ಗುಪ್ತಾರ್ಥ ಬೇಕೇ?

ಶತಮಾನಗಳ ಕಾಲ ಕ್ರೈಸ್ತ ಸಭೆ ಸಾಮ್ಯಗಳನ್ನು ಬೀಗದ ಕೈಗೊಂಚಲಿನಂತೆ ಓದಿತು. ಗಾಯಗೊಂಡು ಬಿದ್ದವನನ್ನು ಛತ್ರಕ್ಕೆ ಸೇರಿಸಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಛತ್ರವೆಂದರೆ ಸಭೆ, ಛತ್ರದವನೆಂದರೆ ಅಪೊಸ್ತಲ ಪೌಲ ಎಂದು ಸಂತ ಅಗಸ್ಟೀನ್ ವಿವರಿಸಿದ್ದುಂಟು. ಕಥೆ ಹೇಳಿದಾಗ ಪೌಲನ ಹೆಸರನ್ನೇ ಕೇಳಿರದ ಜನಕ್ಕೆ ಇದು ಹೇಗೆ ಅರ್ಥವಾಗಬೇಕು? 1888ರಲ್ಲಿ ಜರ್ಮನಿಯ ವಿದ್ವಾಂಸ ಅಡಾಲ್ಫ್ ಯೂಲಿಖರ್ ಈ ಪದ್ಧತಿಯನ್ನು ಬುಡಮೇಲು ಮಾಡಿ, ಒಂದು ಸಾಮ್ಯಕ್ಕೆ ಒಂದೇ ತಿರುಳು ಎಂದು ವಾದಿಸಿದರು. ಅದು ಬೇಕಾಗಿದ್ದ ಔಷಧ. ಆದರೆ ಪ್ರಮಾಣ ಸ್ವಲ್ಪ ಹೆಚ್ಚಾಯಿತು. ಬಿತ್ತುವವನ ಮತ್ತು ಕಳೆಯ ಸಾಮ್ಯಗಳಿಗೆ ಸುವಾರ್ತೆಯೇ ಬಿಡಿಬಿಡಿಯಾಗಿ ಅರ್ಥ ಕೊಟ್ಟಿದೆ. ಹೀಬ್ರೂವಿನ "ಮಾಶಾಲ್" ಎಂಬ ಒಂದೇ ಪದದೊಳಗೆ ಗಾದೆ, ಒಗಟು, ಹೋಲಿಕೆ, ರೂಪಕಕಥೆ ಎಲ್ಲವೂ ಇವೆ. ಹಾಗಾಗಿ ಗಟ್ಟಿ ನಿಯಮಕ್ಕಿಂತ ಕೆಲಸಕ್ಕೆ ಬರುವ ಕ್ರಮವೊಂದು ಒಳ್ಳೆಯದು. ಇದನ್ನು ಯಾರಿಗೆ, ಯಾವ ಪ್ರಶ್ನೆಗೆ ಹೇಳಿದ್ದು ಎಂದು ಹಿಂದಿನ ಹತ್ತು ವಚನಗಳಲ್ಲಿ ಹುಡುಕಿ. ಕಥೆಯ ಅಳತೆ, ಸಂಖ್ಯೆ, ಸಮಯಗಳನ್ನು ಗುರುತು ಹಾಕಿ. ಎಲ್ಲಿ ಅತಿಯಾಯಿತು, ಎಲ್ಲಿ ವಾಡಿಕೆ ಮುರಿಯಿತು ಎಂದು ಕೇಳಿ. ಆಮೇಲೆ ಹಳೆಯ ಒಡಂಬಡಿಕೆಯಲ್ಲಿ ಅದೇ ಚಿತ್ರ ಎಲ್ಲಿದೆ ನೋಡಿ. ನಿಮ್ಮ ಬದುಕಿಗೆ ಅನ್ವಯಿಸುವುದು ಕೊನೆಯಲ್ಲಿ. ಹೆಚ್ಚಿನವರು ಅಲ್ಲಿಂದಲೇ ಶುರುಮಾಡುತ್ತಾರೆ, ಆದ್ದರಿಂದ ಎಲ್ಲ ಸಾಮ್ಯಗಳೂ ಒಂದೇ ರುಚಿ ಕೊಡುತ್ತವೆ.

ಹೊಲದ ಎರಡು ಕಥೆಗಳು

ಮತ್ತಾಯ 13ರಲ್ಲಿ ಮೊದಲ ನಾಲ್ಕು ಸಾಮ್ಯಗಳನ್ನು ಯೇಸು ಗಲಿಲಾಯ ಸಮುದ್ರದ ದಡದಲ್ಲಿ ದೋಣಿಯೊಳಗೆ ಕೂತು ಜನರಿಗೆ ಹೇಳುತ್ತಾರೆ. ಉಳಿದವನ್ನು ಮನೆಯೊಳಗೆ ಶಿಷ್ಯರಿಗೆ. ಬಿತ್ತುವವನ ಸಾಮ್ಯದಲ್ಲಿ ಗಮನಿಸಬೇಕಾದ್ದು ಬೀಜ ಕೆಡುವ ಹಂತಗಳು. ದಾರಿಯಲ್ಲಿ ಬಿದ್ದದ್ದು ಮೊಳೆಯುವ ಮೊದಲೇ ಹೋಯಿತು. ಬಂಡೆಯ ಮೇಲಿನ ತೆಳುಮಣ್ಣಿನಲ್ಲಿ ಬಿದ್ದದ್ದು ಬೇಗ ಮೊಳೆತು ಬಿಸಿಲಿಗೆ ಬಾಡಿತು. ಗಲಿಲಾಯದ ಗುಡ್ಡಗಳಲ್ಲಿ ಮಣ್ಣಿನಡಿ ಸುಣ್ಣಕಲ್ಲಿನ ಹಾಸು ಇರುವುದರಿಂದ ಇದು ಅಲ್ಲಿನ ರೈತರಿಗೆ ಗೊತ್ತಿದ್ದ ನಷ್ಟ. ಮುಳ್ಳಿನಲ್ಲಿ ಬಿದ್ದದ್ದು ಸಾಯಲಿಲ್ಲ, ಬೆಳೆಯಿತು, ಆದರೆ ತೆನೆ ಕಟ್ಟಲಿಲ್ಲ. ಮೂರನೆಯದೇ ಹೆಚ್ಚು ಅಪಾಯ, ಯಾಕೆಂದರೆ ದೂರದಿಂದ ನೋಡಿದರೆ ಹೊಲ ಹಸಿರಾಗಿಯೇ ಕಾಣುತ್ತದೆ. ಲೋಕದ ಚಿಂತೆ ಮತ್ತು ಐಶ್ವರ್ಯದ ಮೋಸ ಎಂದು ಸುವಾರ್ತೆ ಕೊಡುವ ವಿವರಣೆ ಇಲ್ಲಿಗೆ ಸರಿಯಾಗಿ ಕೂರುತ್ತದೆ. ಇಳುವರಿಯೋ ನೂರರಷ್ಟು, ಅರುವತ್ತರಷ್ಟು, ಮೂವತ್ತರಷ್ಟು. ಹತ್ತರಷ್ಟು ಬಂದರೆ ಒಳ್ಳೆಯ ಬೆಳೆ ಎಂಬುದು ಹಲವು ವಿದ್ವಾಂಸರ ಅಂದಾಜು. ನೂರ್ಮಡಿ ಎಂದರೆ ಆದಿಕಾಂಡ 26ರಲ್ಲಿ ದೇವರ ಆಶೀರ್ವಾದದಿಂದ ಇಸಾಕನಿಗೆ ಸಿಕ್ಕ ಬೆಳೆ.

ಒಬ್ಬನ ಗೋದಿ ಹೊಲದಲ್ಲಿ ವೈರಿ ಬಂದು ಕಳೆ ಬಿತ್ತುವ ಸಾಮ್ಯ ಇನ್ನೂ ಸೂಕ್ಷ್ಮ. ಹಳೆಯ ಕನ್ನಡ ಬೈಬಲಿನಲ್ಲಿ "ಹಣಜಿ" ಎಂದು ಬರುವ ಈ ಕಳೆ ಗೋದಿಯ ಜೊತೆ ಬೆಳೆಯುವ ಡಾರ್ನೆಲ್ ಎಂಬ ಹುಲ್ಲು. ತೆನೆ ಹೊರಡುವ ತನಕ ಅದು ಗೋದಿಯಂತೆಯೇ ಕಾಣುತ್ತದೆ. ಅದರ ಕಾಳಿನೊಳಗೆ ಬೆಳೆಯುವ ಶಿಲೀಂಧ್ರದ ದೆಸೆಯಿಂದ ಹಿಟ್ಟಿನಲ್ಲಿ ಬೆರೆತರೆ ತಲೆಸುತ್ತು, ವಾಂತಿ. ಇನ್ನೊಬ್ಬನ ಬೆಳೆಯಲ್ಲಿ ಇದನ್ನು ಬಿತ್ತಿ ಕೆಡಿಸುವುದು ಕಟ್ಟುಕಥೆಯೂ ಅಲ್ಲ. ರೋಮನ್ ಕಾನೂನಿನ ಸಂಗ್ರಹದಲ್ಲಿ ಈ ಅಪರಾಧ ದಾಖಲಾಗಿದೆ. ಆಳುಗಳು ಕಿತ್ತುಹಾಕುತ್ತೇವೆ ಎಂದಾಗ ಯಜಮಾನ ಬೇಡ ಎನ್ನುತ್ತಾನೆ: ಬೇರುಗಳು ಹೆಣೆದುಕೊಂಡಿವೆ, ಗೋದಿಯೂ ಕಿತ್ತು ಬಂದೀತು.

ಮುಂದಿನ ವಿವರಣೆಯಲ್ಲಿ ಏಳು ವಸ್ತುಗಳಿಗೆ ಅರ್ಥ ಹೇಳಿದೆ: ಬಿತ್ತುವವನು, ಹೊಲ, ಒಳ್ಳೆಯ ಬೀಜ, ಕಳೆ, ವೈರಿ, ಸುಗ್ಗಿ, ಕೊಯ್ಯುವವರು. ಕೀಳಲು ಹೊರಟ ಆಳುಗಳು ಯಾರೆಂದು ಮಾತ್ರ ಹೇಳಿಲ್ಲ. ಕೇಳುತ್ತಿರುವವರೇ ಆ ಖಾಲಿ ಜಾಗದಲ್ಲಿ ನಿಲ್ಲಬೇಕಾಗುತ್ತದೆ. "ಹೊಲ ಅಂದರೆ ಲೋಕ" ಎಂದು ಪಠ್ಯ ಸ್ಪಷ್ಟವಾಗಿ ಹೇಳಿದ್ದರೂ, ಸಭೆಯಲ್ಲಿ ಶುದ್ಧರು ಮಾತ್ರ ಇರಬೇಕೆಂದ ಡೊನಾಟಿಸ್ಟ್ ಪಂಗಡದವರೊಂದಿಗಿನ ವಾದದಲ್ಲಿ ಅಗಸ್ಟೀನ್ ಇದನ್ನು ಸಭೆಯೊಳಗಿನ ಒಳ್ಳೆಯವರು ಕೆಟ್ಟವರಿಗೆ ಅನ್ವಯಿಸಿದರು. "ಎರಡೂ ಬೆಳೆಯಲು ಬಿಡಿರಿ" ಎಂಬಲ್ಲಿನ ಗ್ರೀಕ್ ಕ್ರಿಯಾಪದಕ್ಕೆ "ಕ್ಷಮಿಸು" ಎಂಬ ಅರ್ಥವೂ ಇದೆ. ಕರ್ತನ ಪ್ರಾರ್ಥನೆಯಲ್ಲಿ ನಮ್ಮ ಸಾಲಗಳನ್ನು ಕ್ಷಮಿಸು ಎನ್ನುವಾಗ ಬರುವುದೂ ಅದೇ ಧಾತು. ಇದು ಕೆಟ್ಟದ್ದನ್ನು ಒಳ್ಳೆಯದೆನ್ನುವ ಮಾತಲ್ಲ, ಕಳೆಗೆ ಕೊನೆಯಲ್ಲಿ ಬೆಂಕಿ ಇದ್ದೇ ಇದೆ. ಆದರೆ ಆ ತೀರ್ಪು ಆಳುಗಳ ಕೈಯಲ್ಲಿಲ್ಲ.

ಸಾಸಿವೆ ಮತ್ತು ಹುಳಿಹಿಟ್ಟು

ಸಾಸಿವೆ ಎಲ್ಲಕ್ಕಿಂತ ಚಿಕ್ಕ ಬೀಜವಲ್ಲ, ಆರ್ಕಿಡ್ ಬೀಜ ಅದಕ್ಕಿಂತ ಎಷ್ಟೋ ಸಣ್ಣದು ಎಂದು ಆಕ್ಷೇಪಿಸುವವರಿದ್ದಾರೆ. ಆದರೆ "ಸಾಸಿವೆಯಷ್ಟು" ಎಂಬುದು ಅಲ್ಲಿಯೂ ನಮ್ಮಲ್ಲಿಯೂ ಆಡುಮಾತಿನ ಅಳತೆ, ಸಸ್ಯಶಾಸ್ತ್ರದ ಪಾಠವಲ್ಲ. ಗಲಿಲಾಯದ ಕರಿಸಾಸಿವೆ ನಮ್ಮ ಹೊಲದ ಸಾಸಿವೆಗಿಂತ ಬೇರೆ ಜಾತಿ. ಒಂದು ಮಿಲಿಮೀಟರಿನ ಆಸುಪಾಸಿನ ಕಾಳಿನಿಂದ ಒಂದೇ ಹಂಗಾಮಿನಲ್ಲಿ ಎರಡು ಮೀಟರ್ ದಾಟಿ ಬೆಳೆಯುತ್ತದೆ. ಅಷ್ಟಾದರೂ ಅದು ಗಿಡವೇ, ಮರವಲ್ಲ.

ಇಲ್ಲೇ ಕಥೆ ಹೊರಳುವುದು: ಆ ಗಿಡ ಮರವಾಗಿ, ಹಕ್ಕಿಗಳು ಬಂದು ಅದರ ಕೊಂಬೆಗಳಲ್ಲಿ ಕೂರುತ್ತವೆ ಎನ್ನುತ್ತದೆ ಸಾಮ್ಯ. ಕೊಂಬೆಗಳಲ್ಲಿ ಹಕ್ಕಿಗಳು ಬಂದು ಕೂರುವ ಮರ ಹಳೆಯ ಒಡಂಬಡಿಕೆಯಲ್ಲಿ ಸಾಮ್ರಾಜ್ಯದ ಚಿತ್ರ. ದಾನಿಯೇಲ 4ರಲ್ಲಿ ಅದು ಬಾಬೆಲಿನ ಅರಸ, ಯೆಹೆಜ್ಕೇಲ 31ರಲ್ಲಿ ಲೆಬನೋನಿನ ದೇವದಾರು. ಯೆಹೆಜ್ಕೇಲ 17ರಲ್ಲಿ ದೇವರು ತಾನೇ ದೇವದಾರಿನ ಚಿಗುರೊಂದನ್ನು ಇಸ್ರಾಯೇಲಿನ ಎತ್ತರದ ಬೆಟ್ಟದಲ್ಲಿ ನೆಡುತ್ತೇನೆ ಎನ್ನುತ್ತಾನೆ. ಹಕ್ಕಿಗಳ ಮಾತು ಬಂದಾಗ ಕೇಳುಗರು ಕಾದದ್ದು ಆ ದೇವದಾರಿಗೆ. ಸಿಕ್ಕಿದ್ದು ಸಾಸಿವೆ ಗಿಡ. ಹಕ್ಕಿಗಳಿಗೆ ನೆರಳೇನೋ ಇದೆ, ಆದರೆ ರೋಮಿನಂತೆ, ಬಾಬೆಲಿನಂತೆ ಎದ್ದು ನಿಲ್ಲುವ ಗಾತ್ರ ಇದಕ್ಕಿಲ್ಲ. "ನಮ್ಮ ಸಭೆ ಒಂದು ದಿನ ದೊಡ್ಡ ಸಂಸ್ಥೆಯಾಗುತ್ತದೆ" ಎಂಬ ಭರವಸೆಗೆ ಈ ಸಾಮ್ಯವನ್ನು ಬಳಸುವವರು ಯೇಸು ಬೇಕೆಂದೇ ಬಿಟ್ಟ ದೇವದಾರನ್ನು ಮರಳಿ ನೆಡುತ್ತಿದ್ದಾರೆ.

ಹುಳಿಹಿಟ್ಟಿನ ಸಾಮ್ಯ ಒಂದೇ ವಾಕ್ಯ: ಒಬ್ಬ ಹೆಂಗಸು ಮೂರು ಸೇರು ಹಿಟ್ಟಿನಲ್ಲಿ ಹುಳಿ ಇಟ್ಟಳು, ಹಿಟ್ಟೆಲ್ಲ ಹುಳಿಯಾಯಿತು. ಅಂಗಡಿಯ ಯೀಸ್ಟ್ ಆಗ ಇರಲಿಲ್ಲ. ಹಿಂದಿನ ಸಲ ನಾದಿದ್ದರಲ್ಲಿ ಒಂದು ಮುದ್ದೆ ಉಳಿಸಿ, ಅದು ಹುಳಿ ಬಂದ ಮೇಲೆ ಹೊಸ ಹಿಟ್ಟಿಗೆ ಬೆರೆಸುವುದು ಪದ್ಧತಿ. ಹಾಲಿಗೆ ಹೆಪ್ಪು ಹಾಕುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಣ್ಣಗಳಿಗೆ ಕಳ್ಳು ಬೆರೆಸಿ ಹಿಟ್ಟು ಉಬ್ಬಿಸುವ ಮಂಗಳೂರಿನ ಕಥೋಲಿಕ ಮನೆಗಳಲ್ಲಂತೂ ಬೇಡವೇ ಬೇಡ. ವಿಚಿತ್ರವಿರುವುದು ಪ್ರಮಾಣದಲ್ಲಿ. ಕನ್ನಡದಲ್ಲಿ "ಮೂರು ಸೇರು" ಎಂದು ಓದಿದವರಿಗೆ ಮೂರು ಲೀಟರಿನಷ್ಟು ಹಿಟ್ಟು, ಒಂದು ಹೊತ್ತಿನ ಅಡುಗೆ ನೆನಪಾಗುತ್ತದೆ. ಗ್ರೀಕಿನಲ್ಲಿರುವ ಅಳತೆ "ಸಾಟೋನ್", ಒಂದಕ್ಕೆ ಸುಮಾರು 13 ಲೀಟರ್. ಮೂರಕ್ಕೆ 39. ತೂಕದಲ್ಲಿ 20 ಕಿಲೋ ಹಿಟ್ಟು. ನೀರು ಸೇರಿದರೆ 30 ಕಿಲೋ ದಾಟುವ ಮುದ್ದೆ. ಒಬ್ಬಳು ಹೆಂಗಸು ಅಷ್ಟನ್ನು ನಾದುತ್ತಿದ್ದಾಳೆ, ನೂರಕ್ಕೂ ಹೆಚ್ಚು ಜನರಿಗೆ ಸಾಲುವ ರೊಟ್ಟಿ! ಇದೇ ಅಳತೆ ಆದಿಕಾಂಡ 18ರಲ್ಲಿದೆ. ಮಮ್ರೆಯ ತೋಪಿನಲ್ಲಿ ಮೂವರು ಅತಿಥಿಗಳು ಬಂದಾಗ ಅಬ್ರಹಾಮ ಸಾರಳಿಗೆ ಬೇಗ ನಾದೆಂದು ಹೇಳಿದ್ದು ಅಷ್ಟೇ ಹಿಟ್ಟನ್ನು. ದೇವರು ಮನೆಗೆ ಬಂದ ದಿನದ ಅಡುಗೆಯ ಪ್ರಮಾಣ ಅದು.

ಎರಡನೆಯ ವಿಚಿತ್ರ, ಹುಳಿ ಎಂಬ ವಸ್ತು. ಯೆಹೂದ್ಯರ ಪಸ್ಕ ಹಬ್ಬದಲ್ಲಿ ಅದನ್ನು ಮನೆಯಿಂದ ಪೂರ್ತಿ ತೆಗೆದುಹಾಕಬೇಕು. "ಫರಿಸಾಯರ (ಕಟ್ಟುನಿಟ್ಟಿನ ಯೆಹೂದ್ಯ ಪಂಗಡದವರ) ಹುಳಿಯ ವಿಷಯದಲ್ಲಿ ಎಚ್ಚರಿಕೆ" ಎನ್ನುವಾಗ ಸ್ವತಃ ಯೇಸುವಿನ ಬಾಯಲ್ಲಿ ಅದು ಕೆಡುಕಿನ ಗುರುತು. ಅದನ್ನೇ ತಂದು ದೇವರ ಆಳ್ವಿಕೆಗೆ ಹೋಲಿಸಿದಾಗ ಭಕ್ತರು ಬೆಚ್ಚಿರಬೇಕು. ಮೂರನೆಯದು ಕ್ರಿಯಾಪದ: ಗ್ರೀಕಿನಲ್ಲಿ ಆಕೆ ಹುಳಿಯನ್ನು ಬರೇ ಕಲಸುವುದಿಲ್ಲ, ಹಿಟ್ಟಿನೊಳಗೆ "ಬಚ್ಚಿಡುತ್ತಾಳೆ". ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಆದರೆ ಒಮ್ಮೆ ಬೆರೆತದ್ದನ್ನು ಮತ್ತೆ ಹೊರತೆಗೆಯುವುದೂ ಆಗದ ಮಾತು.

ನಿಧಿ, ಮುತ್ತು, ಬಲೆ

ಹೊಲದಲ್ಲಿ ನಿಧಿ ಸಿಕ್ಕವನು ಅದನ್ನು ಮತ್ತೆ ಮುಚ್ಚಿ, ಇದ್ದದ್ದೆಲ್ಲ ಮಾರಿ ಹೊಲ ಕೊಳ್ಳುತ್ತಾನೆ. ಯುದ್ಧಭಯದ ನಾಡಿನಲ್ಲಿ ಹಣ ಹೂಳುವುದು ಸಾಮಾನ್ಯವಾಗಿತ್ತು. 1952ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನಿನ ಗವಿಯಲ್ಲಿ ಸಿಕ್ಕ ತಾಮ್ರದ ಸುರುಳಿಯಲ್ಲಿ ಬಚ್ಚಿಟ್ಟ ನಿಧಿಗಳ ಪಟ್ಟಿಯೇ ಇದೆ. ಹೊಲದ ಮಾಲೀಕನಿಗೆ ತಿಳಿಸದೆ ಕೊಂಡದ್ದು ಸರಿಯೇ ಎಂಬ ಪ್ರಶ್ನೆ ಇಲ್ಲಿ ದಾರಿ ತಪ್ಪಿಸುತ್ತದೆ. ಆತನ ನಡತೆಯನ್ನು ಮಾದರಿಯೆಂದು ಯಾರೂ ಹೇಳಿಲ್ಲ. ಹಿಡಿಯಬೇಕಾದ ಪದ "ಸಂತೋಷದಿಂದ". ಇದ್ದದ್ದೆಲ್ಲ ಮಾರಿದ್ದು ತ್ಯಾಗವೆಂದು ಬೋಧಿಸುವವರು ಆ ಪದ ಬಿಟ್ಟು ಓದುತ್ತಾರೆ. ಆತನಿಗದು ಲಾಭದ ವ್ಯವಹಾರ.

ನಿಧಿ ಹುಡುಕದವನಿಗೆ ಸಿಕ್ಕಿತು. ಮುತ್ತಿನ ವ್ಯಾಪಾರಿಯೋ ಹುಡುಕುತ್ತಲೇ ಇದ್ದವನು. ಕೆಂಪು ಸಮುದ್ರ, ಪರ್ಷಿಯಾ ಕೊಲ್ಲಿ, ನಮ್ಮ ದಕ್ಷಿಣದ ಮನ್ನಾರ್ ಕೊಲ್ಲಿಗಳಿಂದ ಮುತ್ತುಗಳು ರೋಮನ್ ಪೇಟೆಗೆ ಹೋಗುತ್ತಿದ್ದವು. ಒಂದು ಮುತ್ತಿಗಾಗಿ ಸರಕೆಲ್ಲ ಮಾರಿದ ಮೇಲೆ ಆತನ ಬಳಿ ವ್ಯಾಪಾರಕ್ಕೆ ಏನೂ ಉಳಿಯಲಿಲ್ಲ. ಅದನ್ನೂ ಮಾರಿದನೆಂದು ಕಥೆ ಹೇಳುವುದಿಲ್ಲ.

ಬಲೆಯ ಸಾಮ್ಯ ಕರಾವಳಿಯವರಿಗೆ ಸುಲಭ. ಗ್ರೀಕಿನ "ಸಗೇನೆ" ನಮ್ಮ ಬೀಸುಬಲೆಯಲ್ಲ, ರಂಪಣಿಯಂಥ ಬಲೆ. ನೂರಾರು ಮೀಟರ್ ಉದ್ದದ ಬಲೆಯನ್ನು ದೋಣಿಯಿಂದ ಅರ್ಧವೃತ್ತವಾಗಿ ಬಿಟ್ಟು ದಡದಿಂದ ಗುಂಪು ಕೂಡಿ ಎಳೆಯುವುದು. ಮೇಲಂಚಿಗೆ ತೇಲು, ಕೆಳಗಂಚಿಗೆ ಭಾರ. ಇಂಥ ಬಲೆ ಮೀನು ಆರಿಸುವುದಿಲ್ಲ, ದಾರಿಯಲ್ಲಿರುವುದನ್ನೆಲ್ಲ ಬಾಚುತ್ತದೆ. ಯಾಜಕಕಾಂಡ 11ರ ಪ್ರಕಾರ ರೆಕ್ಕೆ ಪೊರೆ ಇಲ್ಲದ ಮೀನು ತಿನ್ನುವಂತಿಲ್ಲ, ಗಲಿಲಾಯದ ನೀರಿನಲ್ಲಿ ಪೊರೆಯಿಲ್ಲದ ಮೀಸೆಮೀನು ಧಾರಾಳ. ಆರಿಸುವ ಕೆಲಸ ದಡದಲ್ಲಿ, ಬಲೆ ತುಂಬಿದ ಮೇಲೆ, ಕೂತುಕೊಂಡು. ಕಳೆಯ ಸಾಮ್ಯದ ಮಾತೇ ಇದು, ನೀರಿನಲ್ಲಿ.

ಲೆಕ್ಕ ಹಾಕಿದರೆ ಮಾತ್ರ ತಿಳಿಯುವ ಕಥೆ

ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಶಿಷ್ಯ ಪೇತ್ರ ಕೇಳಿದಾಗ ಹೇಳಿದ್ದು ಮತ್ತಾಯ 18ರ ಸಾಮ್ಯ. ಅರಸನಿಗೆ ಒಬ್ಬ ಸೇವಕ 10,000 ತಲಾಂತು ಸಾಲ ತೀರಿಸಬೇಕು. ಒಂದು ತಲಾಂತಿಗೆ 6,000 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಒಟ್ಟು ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ. ಇನ್ನೊಂದು ಲೆಕ್ಕ: ಯೇಸುವಿನ ಕಾಲದಲ್ಲಿ ಗಲಿಲಾಯ ಮತ್ತು ಪೆರಿಯಾ ಆಳುತ್ತಿದ್ದ ಹೆರೋದ ಅಂತಿಪನ ವಾರ್ಷಿಕ ಆದಾಯ 200 ತಲಾಂತು ಎಂದು ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ಹಾಗಾದರೆ ಈ ಸಾಲ ಆ ಇಡೀ ಸಂಸ್ಥಾನದ ಐವತ್ತು ವರ್ಷದ ಹುಟ್ಟುವಳಿ. "ತಾಳಿಕೋ, ಎಲ್ಲವನ್ನೂ ತೀರಿಸುತ್ತೇನೆ" ಎಂದು ಸೇವಕ ಬೇಡುವುದು ಇಂಥ ಸಾಲಕ್ಕೆ. ಅರಸ ಗಡುವು ಕೊಡುವುದಿಲ್ಲ, ಸಾಲವನ್ನೇ ಬಿಟ್ಟುಬಿಡುತ್ತಾನೆ. ಹೊರಗೆ ಬಂದವನು ತನಗೆ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಇದು ಪುಡಿಗಾಸಲ್ಲ, ಮೂರು ತಿಂಗಳ ದುಡಿಮೆ. ನಮಗಾದ ಅನ್ಯಾಯ ಸಣ್ಣದೆಂದು ಸಾಮ್ಯ ಹೇಳುವುದಿಲ್ಲ. ಎರಡು ಸಾಲಗಳ ನಡುವಿನ ಅಂತರ ಆರು ಲಕ್ಷ ಪಟ್ಟು ಎಂದು ತೋರಿಸುತ್ತದೆ, ಅಷ್ಟೆ.

ತಲಾಂತಿನ ಮಾತು ಬಂದದ್ದರಿಂದ ಇನ್ನೊಂದು. ಮತ್ತಾಯ 25ರ ಸಾಮ್ಯದಲ್ಲಿ ಯಜಮಾನ ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಂಚಿದ್ದನ್ನು ನಮ್ಮ ಪ್ರತಿಭೆಯೆಂದು ಓದುವುದು ರೂಢಿ. ಆದರೆ ಆ ಪದಕ್ಕೆ ಪ್ರತಿಭೆ ಎಂಬ ಅರ್ಥ ಬಂದದ್ದೇ ಈ ಸಾಮ್ಯದ ವ್ಯಾಖ್ಯಾನದಿಂದ, ಶತಮಾನಗಳ ನಂತರ. ಈಗ ನಾವು ಟಿವಿಯಲ್ಲಿ ಕೇಳುವ "ಟ್ಯಾಲೆಂಟ್" ಅದರ ಮೊಮ್ಮಗು. ಮೂಲದಲ್ಲಿ ಅದು ಹಣ, ಅದೂ ಯಜಮಾನನದು. "ಬರೇ ಒಂದು" ತಲಾಂತು ಪಡೆದವನ ಕೈಯಲ್ಲೂ ಇಪ್ಪತ್ತು ವರ್ಷದ ಕೂಲಿ ಇತ್ತು.

ಸಂಜೆ ಐದಕ್ಕೆ ಬಂದವರು

ದ್ರಾಕ್ಷಿತೋಟದ ಯಜಮಾನ ಬೆಳಗಾಗುತ್ತಲೇ ದಿನಾರಿಯ ಒಪ್ಪಂದಕ್ಕೆ ಆಳು ಹಿಡಿಯುತ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೆ. ಬಟವಾಡೆಯಲ್ಲಿ ಎಲ್ಲರಿಗೂ ಒಂದೊಂದು ದಿನಾರಿ. ಅವತ್ತಿನ ಕೂಲಿ ಅವತ್ತೇ ಕೊಡಬೇಕೆಂಬುದು ಧರ್ಮೋಪದೇಶಕಾಂಡ 24ರ ಆಜ್ಞೆ, ಅದರಲ್ಲಿ ಹೊಸದೇನಿಲ್ಲ. ಹೊಸದಿರುವುದು ಕೊನೆಗೆ ಬಂದವರಿಂದ ಶುರುಮಾಡಿ ಎಂಬ ಅಪ್ಪಣೆಯಲ್ಲಿ. ಮೊದಲಿನವರಿಗೆ ಮೊದಲು ಕೊಟ್ಟು ಕಳುಹಿಸಿದ್ದರೆ ಗಲಾಟೆಯೇ ಇಲ್ಲ. ಅವರು ನೋಡಲೇಬೇಕು ಎಂದೇ ಕಥೆ ಹಾಗೆ ಕಟ್ಟಲ್ಪಟ್ಟಿದೆ.

ಮೊದಲು ಬಂದವರೆಂದರೆ ಯೆಹೂದ್ಯರು, ಕೊನೆಗೆ ಬಂದವರು ಕ್ರೈಸ್ತರು ಎಂಬ ವ್ಯಾಖ್ಯಾನ ಹಳೆಯದು, ಹಾನಿಕರವೂ ಹೌದು. ಸಾಮ್ಯಕ್ಕೆ ಮುಂಚೆ ಪೇತ್ರ ಕೇಳಿದ್ದನ್ನು ನೋಡಿದರೆ ಅದು ನಿಲ್ಲುವುದಿಲ್ಲ: "ನಾವು ಎಲ್ಲವನ್ನೂ ಬಿಟ್ಟು ನಿನ್ನನ್ನು ಹಿಂಬಾಲಿಸಿದೆವು, ನಮಗೆ ಏನು ದೊರಕುವುದು?" ಬೆಳಿಗ್ಗೆಯೇ ತೋಟಕ್ಕೆ ಬಂದವರು ಶಿಷ್ಯರೇ.

ಕೊನೆಯಲ್ಲಿ ಯಜಮಾನ ಗೊಣಗುವವನನ್ನು "ಗೆಳೆಯಾ" ಎಂದು ಕರೆಯುತ್ತಾನೆ. ಮತ್ತಾಯ ಈ ಗ್ರೀಕ್ ಸಂಬೋಧನೆಯನ್ನು ಇನ್ನೆರಡು ಕಡೆ ಬಳಸುತ್ತಾನೆ: ಮದುವೆಯ ಉಡುಪಿಲ್ಲದೆ ಬಂದ ಅತಿಥಿಗೆ, ಮತ್ತು ಗೆತ್ಸೆಮನೆ ತೋಟದಲ್ಲಿ ಯೇಸುವನ್ನು ಹಿಡಿದುಕೊಡಲು ಮುದ್ದಿಡಲು ಬಂದ ಶಿಷ್ಯ ಯೂದನಿಗೆ. ಬಳಿಕ ಆತ ಕೇಳುವುದು ಅಕ್ಷರಶಃ "ನಾನು ಒಳ್ಳೆಯವನಾದ್ದರಿಂದ ನಿನ್ನ ಕಣ್ಣು ಕೆಟ್ಟದೋ?" ಎಂದು. ಕನ್ನಡದಲ್ಲಿ ಕೆಟ್ಟ ಕಣ್ಣೆಂದರೆ ದೃಷ್ಟಿ ತಾಗುವುದು. ಇಲ್ಲಿನ ಅರ್ಥ ಹೊಟ್ಟೆಕಿಚ್ಚು. ಆ ಆಳು ಏನು ಉತ್ತರ ಕೊಟ್ಟ, ದಿನಾರಿ ತೆಗೆದುಕೊಂಡು ಹೋದನೋ, ಮರುದಿನ ಬೆಳಿಗ್ಗೆ ಪೇಟೆಬೀದಿಯಲ್ಲಿ ಮತ್ತೆ ನಿಂತನೋ, ಮತ್ತಾಯ ಬರೆದಿಲ್ಲ.